ಡೊರೊಥಿಯಾ ಲ್ಯಾಂಗ್: ಚಿತ್ರ ಉಳಿಯಿತು, ಅಡಿಬರಹ ಹೋಯಿತು

ಕನ್ನಡ ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿರುವ ಎರಡು ಪದ: ಸಾಂದರ್ಭಿಕ ಚಿತ್ರ. ಬರ ಬಂದರೂ ಅದೇ, ಸಾಲಮನ್ನಾ ಆದರೂ ಅದೇ, ಬೆಂಬಲ ಬೆಲೆಯ ಸುದ್ದಿಗೂ ಅದೇ. ಹಣೆಗೆ ಕೈ ಅಡ್ಡ ಹಿಡಿದು ಮುಗಿಲು ನೋಡುತ್ತಿರುವ ಒಬ್ಬ ಮುದುಕ, ಕಾಲಡಿ ಬಿರುಕು ಬಿಟ್ಟ ನೆಲ. ಆತ ಯಾರು, ಯಾವ ಊರು, ಅದು ಯಾವ ವರ್ಷದ ಬರ, ಆ ಹೊಲ ಅವನದೇನಾ ಅಥವಾ ಕೂಲಿಗೆ ಬಂದವನಾ, ಯಾರೂ ಕೇಳಲ್ಲ. ಸುದ್ದಿಮನೆಯ ಫೋಲ್ಡರ್‌ನಲ್ಲಿ ಫೋಟೋ ಇರುತ್ತೆ, ಎತ್ತಿ ಹಾಕುತ್ತೇವೆ. 2020ರ ಡಿಸೆಂಬರ್‌ನಲ್ಲಿ ಈ ಅಭ್ಯಾಸದ ಒಂದು ವಿಪರೀತ ನೋಡಿದೆವು. ಕೃಷಿ ಕಾಯ್ದೆಗಳನ್ನು ಹೊಗಳುವ ಜಾಹೀರಾತಿಗೆ ಪಂಜಾಬ್ ಬಿಜೆಪಿ ನಗುಮುಖದ ರೈತನೊಬ್ಬನ ಹಳೇ ಫೋಟೋ ಬಳಸಿತು. ಆ ಮನುಷ್ಯ ಅದೇ ಹೊತ್ತಿಗೆ ದೆಹಲಿಯ ಸಿಂಘು ಗಡಿಯಲ್ಲಿ, ಅದೇ ಕಾಯ್ದೆಗಳ ವಿರುದ್ಧ ಕೂತಿದ್ದ.

ಇದರ ಬೇರು ಹುಡುಕಿಕೊಂಡು ಹೋದರೆ ಅಮೆರಿಕದ ಒಬ್ಬ ಹೆಣ್ಣುಮಗಳ ಬದುಕಿಗೆ ಹೋಗಿ ಮುಟ್ಟುತ್ತೇವೆ. ಡೊರೊಥಿಯಾ ಲ್ಯಾಂಗ್ ಅನ್ನುವ ಹೆಸರು ನೀವು ಕೇಳಿಲ್ಲದೇ ಇರಬಹುದು. ಆದರೆ ಆಕೆ ತೆಗೆದ ಒಂದು ಫೋಟೋವನ್ನಂತೂ ನೋಡಿರುತ್ತೀರಿ. ಗುಡಾರದಲ್ಲಿ ಕೂತ ತಾಯಿ, ಕೆನ್ನೆಯ ಹತ್ತಿರ ಕೈ, ಎರಡು ಭುಜಕ್ಕೂ ಒರಗಿ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು. 'ಮೈಗ್ರೆಂಟ್ ಮದರ್', ನಮ್ಮ ಮಾತಲ್ಲಿ ಗುಳೆ ಹೊರಟ ತಾಯಿ. ಆದರೆ ನಾನು ಲ್ಯಾಂಗ್ ಬಗ್ಗೆ ಓದಲು ಶುರು ಮಾಡಿದ್ದು ಆ ಫೋಟೋದಿಂದಲ್ಲ, ಆಕೆಯ ಅಡಿಬರಹಗಳಿಂದ. ಇಂಜಿನಿಯರಿಂಗ್ ಓದಿ, ಪತ್ರಿಕೋದ್ಯಮಕ್ಕೆ ಬರುವ ಮೊದಲು ಕೆಲಕಾಲ ಡೇಟಾಬೇಸ್ ಕೆಲಸ ಮಾಡಿದವನು ನಾನು. ಎಲ್ಲಿಂದ ಬಂತು, ಯಾವತ್ತಿನದು ಅಂತ ಗೊತ್ತಿಲ್ಲದ ದಾಖಲೆಯನ್ನು ಯಾರು ಹೇಗೆ ಬೇಕಾದರೂ ಬಳಸಬಹುದು ಅಂತ ಅಲ್ಲಿ ಮೊದಲ ತಿಂಗಳೇ ಗೊತ್ತಾಗುತ್ತೆ. ಲ್ಯಾಂಗ್‌ಗೆ ಇದು 1930ರ ದಶಕದಲ್ಲೇ ಗೊತ್ತಿತ್ತು.

ಹುಟ್ಟಿದ್ದು 1895ರ ಮೇ 26ರಂದು, ನ್ಯೂಜೆರ್ಸಿಯ ಹೊಬೊಕೆನ್‌ನಲ್ಲಿ, ಜರ್ಮನಿಯಿಂದ ವಲಸೆ ಬಂದವರ ಕುಟುಂಬದಲ್ಲಿ. ಏಳನೇ ವಯಸ್ಸಿಗೆ ಪೋಲಿಯೊ. ಬಲಗಾಲು ಸೊರಗಿತು, ಜೀವಮಾನವಿಡೀ ಕುಂಟು ಉಳಿಯಿತು. ಹನ್ನೆರಡಾದಾಗ ಅಪ್ಪ ಮನೆ ಬಿಟ್ಟುಹೋದ. ದೊಡ್ಡವಳಾದ ಮೇಲೆ ಆಕೆ ಅಪ್ಪನ ನುಟ್ಝಾರ್ನ್ ಎಂಬ ಮನೆತನದ ಹೆಸರು ಕಿತ್ತುಹಾಕಿ ತಾಯಿಯ ತವರಿನ ಲ್ಯಾಂಗ್ ಇಟ್ಟುಕೊಂಡರು. ತಾಯಿಗೆ ನ್ಯೂಯಾರ್ಕ್‌ನ ಗ್ರಂಥಾಲಯವೊಂದರಲ್ಲಿ ಕೆಲಸ, ಮಗಳಿಗೆ ಅದೇ ಸುತ್ತಿನ ಶಾಲೆ. ಮನೆಗೆ ಮರಳುವಾಗ ಕುಡುಕರು, ನಿರ್ಗತಿಕರು ಬಿದ್ದುಕೊಂಡಿರುವ ಬೀದಿಗಳನ್ನು ಹುಡುಗಿ ಒಬ್ಬಳೇ ದಾಟಬೇಕಿತ್ತು. ಯಾರ ಕಣ್ಣಿಗೂ ಬೀಳದ ಹಾಗೆ ನಡೆಯುವುದನ್ನು ಅಲ್ಲೇ ಕಲಿತಳು. ಕೈಗೆ ಕ್ಯಾಮೆರಾ ಬರುವ ಮೊದಲೇ ತಾನು ಫೋಟೋಗ್ರಾಫರ್ ಆಗುತ್ತೇನೆ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದಳು.

1918ರಲ್ಲಿ ಗೆಳತಿಯ ಜೊತೆ ಪ್ರಪಂಚ ಸುತ್ತಲು ಹೊರಟರು. ಸ್ಯಾನ್‌ಫ್ರಾನ್ಸಿಸ್ಕೊ ಮುಟ್ಟುವಷ್ಟರಲ್ಲಿ ದುಡ್ಡು ಕಳುವಾಯ್ತು, ಪ್ರವಾಸ ಅಲ್ಲಿಗೇ ಮುಗೀತು. ಮರುವರ್ಷ ಅದೇ ಊರಲ್ಲಿ ಸ್ಟುಡಿಯೊ ತೆರೆದರು. ಗಿರಾಕಿಗಳೆಲ್ಲ ಶ್ರೀಮಂತರು, ಒಳ್ಳೆ ಸಂಪಾದನೆ. ಮೇನಾರ್ಡ್ ಡಿಕ್ಸನ್ ಎಂಬ ಕಲಾವಿದನ ಜೊತೆ ಮದುವೆ, ಇಬ್ಬರು ಗಂಡುಮಕ್ಕಳು. ಹೀಗೇ ಹತ್ತು ವರ್ಷ ಕಳೆಯಿತು.

1929ರಲ್ಲಿ ಶೇರು ಮಾರುಕಟ್ಟೆ ಕುಸಿಯಿತು. ನಾಲ್ಕು ವರ್ಷಗಳ ನಂತರವೂ ಸ್ಟುಡಿಯೊ ಕಿಟಕಿಯ ಕೆಳಗೆ ಕೆಲಸ ಇಲ್ಲದ ಜನ ಅಲೆಯುತ್ತಲೇ ಇದ್ದರು. 1933ರಲ್ಲಿ ಒಂದು ದಿನ ಲ್ಯಾಂಗ್ ಕ್ಯಾಮೆರಾ ಹಿಡಿದು ಕೆಳಗಿಳಿದರು. ಬ್ರೆಡ್ ಹಂಚುವ ಕಡೆ ನೂಕುನುಗ್ಗಲು, ಎಲ್ಲರೂ ಆ ಕಡೆ ಮುಖ ಮಾಡಿದ್ದಾರೆ. ಒಬ್ಬ ಮುದುಕ ಮಾತ್ರ ಇತ್ತ ತಿರುಗಿ, ಕಟಕಟೆಗೆ ಮೊಣಕೈ ಊರಿ, ತೋಳುಗಳ ನಡುವೆ ಖಾಲಿ ತಗಡಿನ ಲೋಟ ಇಟ್ಟುಕೊಂಡು ನಿಂತಿದ್ದಾನೆ. ಆ ಫೋಟೋ ಆದ ಮೇಲೆ ಶ್ರೀಮಂತರ ಮುಖಗಳಲ್ಲಿ ಆಕೆಗೆ ಆಸಕ್ತಿ ಉಳಿಯಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಇದೇ ವರ್ಷಗಳಲ್ಲಿ ಲ್ಯಾಂಗ್ ತಮ್ಮ ಎಳೆಯ ಮಕ್ಕಳಿಬ್ಬರನ್ನೂ ದುಡ್ಡು ಕೊಟ್ಟು ಬೇರೆಯವರ ಮನೆಯಲ್ಲಿ ಬಿಟ್ಟಿದ್ದರು. ಮುಂದೆ ಹೊಲಗಳ ದಾರಿ ಹಿಡಿದಾಗಲೂ ಹಾಗೇ ಮಾಡಿದರು. ಮಕ್ಕಳಿಗೆ ಆ ನೋವು ಬಹಳ ಕಾಲ ಇತ್ತು. ಗಂಡಸು ಕಲಾವಿದರ ಬಗ್ಗೆ ಇಂಥ ಪ್ರಶ್ನೆಯನ್ನೇ ಯಾರೂ ಎತ್ತಲ್ಲ ಅನ್ನೋದು ನಿಜ. ಆದರೂ ತಾಯ್ತನದ ಅತ್ಯಂತ ಪ್ರಸಿದ್ಧ ಫೋಟೋ ತೆಗೆದ ಹೆಂಗಸಿನ ಕಥೆಯಿಂದ ಇದನ್ನು ಬಿಟ್ಟು ಬರೆದರೆ ಅದು ಪೂಜೆ ಆಗುತ್ತೆ.

ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಪಾಲ್ ಟೇಲರ್ ಎಂಬ ಅರ್ಥಶಾಸ್ತ್ರಜ್ಞ ಇದ್ದರು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುವ ಮೆಕ್ಸಿಕನ್ ಕೂಲಿಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರ ಹತ್ತಿರ ಅಂಕಿಅಂಶ ರಾಶಿ ಇತ್ತು, ಅಧಿಕಾರಿಗಳು ಓದುತ್ತಿರಲಿಲ್ಲ. 1934ರಲ್ಲಿ ಲ್ಯಾಂಗ್ ಅವರ ಫೋಟೋಗಳನ್ನು ನೋಡಿದರು, ಮರುವರ್ಷ ರಾಜ್ಯದ ಪರಿಹಾರ ಇಲಾಖೆಯ ಕೆಲಸಕ್ಕೆ ಸೇರಿಸಿಕೊಂಡರು. ಇಲಾಖೆಯ ಬಜೆಟ್‌ನಲ್ಲಿ ಫೋಟೋಗ್ರಾಫರ್ ಅನ್ನೋ ಹುದ್ದೆಯೇ ಇರಲಿಲ್ಲ. ಹಾಗಾಗಿ ಕಡತದಲ್ಲಿ ಆಕೆ ಟೈಪಿಸ್ಟ್! ಸರ್ಕಾರಿ ಕಚೇರಿಗಳು ಎಲ್ಲ ಕಡೆ ಒಂದೇ.

ಇಬ್ಬರೂ ಬಟಾಣಿ, ಹತ್ತಿ, ಸೊಪ್ಪು, ಹಣ್ಣಿನ ಕೊಯ್ಲಿನ ಜಾಡು ಹಿಡಿದು ತಿರುಗಿದರು. ಕ್ಯಾಲಿಫೋರ್ನಿಯಾದ ಬೇಸಾಯ ನಮ್ಮಲ್ಲಿಯ ಹಾಗೆ ಮನೆಮಂದಿ ಸೇರಿ ಮಾಡುವ ಬೇಸಾಯ ಆಗಿರಲಿಲ್ಲ. ಸಾವಿರಾರು ಎಕರೆಯ ತೋಟಗಳು, ಕೊಯ್ಲಿನ ಎರಡು ಮೂರು ವಾರಕ್ಕೆ ಮಾತ್ರ ಸಾವಿರಾರು ಕೈಗಳು ಬೇಕು, ಆಮೇಲೆ ಅದೇ ಕೈಗಳು ಊರಿಗೆ ಭಾರ. ಕೂಲಿಗಳು ಕಾಲುವೆ ದಂಡೆಯಲ್ಲಿ ರಟ್ಟು, ಚಿಂದಿ, ತಗಡು ಹೊದಿಸಿದ ಗುಡಿಸಲು ಹಾಕಿಕೊಂಡು, ಅದೇ ಕಾಲುವೆ ನೀರು ಕುಡಿಯುತ್ತಿದ್ದರು. ಟೇಲರ್‌ ಟೈಪ್ ಮಾಡಿಸಿದ ವರದಿಗೆ ಲ್ಯಾಂಗ್‌ ಅವರ ಫೋಟೋಗಳನ್ನು ಅಂಟಿಸಿ ಮೇಲಕ್ಕೆ ಕಳಿಸಿದರು. ಈ ಸಲ ಅಧಿಕಾರಿಗಳು ಓದಿದರು. ಮೇರಿಸ್‌ವಿಲ್ ಮತ್ತು ಆರ್ವಿನ್‌ನಲ್ಲಿ ಕೂಲಿಗಳಿಗೆ ಶಿಬಿರ ಕಟ್ಟಲು 20,000 ಡಾಲರ್ ಮಂಜೂರಾಯಿತು. ನೀರು, ಕಕ್ಕಸು, ಬಚ್ಚಲು ಇರುವ ಶಿಬಿರ. ಜಾನ್ ಸ್ಟೈನ್‌ಬೆಕ್ ಮುಂದೆ ತಮ್ಮ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಗೆ ಬೇಕಾದ ವಿವರ ಹೆಕ್ಕಿದ್ದು ಇದೇ ಆರ್ವಿನ್‌ನಲ್ಲಿ. ದೊಡ್ಡ ಜಮೀನುದಾರರ ಸಂಘ ಮಾತ್ರ ಶಿಬಿರಗಳನ್ನು ಬಲವಾಗಿ ವಿರೋಧಿಸಿತು. ಕೂಲಿಗಳು ಒಂದು ಕಡೆ ಸೇರಿದರೆ ಮುಷ್ಕರ ಹೂಡುತ್ತಾರೆ ಅನ್ನೋದು ಅವರ ಭಯ.

1935ರ ಕೊನೆಗೆ ಲ್ಯಾಂಗ್ ಮತ್ತು ಟೇಲರ್ ತಮ್ಮ ತಮ್ಮ ಮದುವೆ ಮುರಿದು, ಒಬ್ಬರನ್ನೊಬ್ಬರು ಮದುವೆಯಾದರು. ಅಷ್ಟರಲ್ಲಿ ಲ್ಯಾಂಗ್‌ಗೆ ಕೇಂದ್ರ ಸರ್ಕಾರದಲ್ಲಿ ಕೆಲಸ ಸಿಕ್ಕಿತ್ತು. ರೂಸ್‌ವೆಲ್ಟ್ ಸರ್ಕಾರ ಬಡ ರೈತರಿಗಾಗಿ ತೆರೆದ ಇಲಾಖೆ ಅದು, 1937ರಲ್ಲಿ ಅದರ ಹೆಸರು ಫಾರ್ಮ್ ಸೆಕ್ಯೂರಿಟಿ ಅಡ್ಮಿನಿಸ್ಟ್ರೇಷನ್ ಅಂತ ಬದಲಾಯಿತು. ಅದರ ಫೋಟೋ ವಿಭಾಗಕ್ಕೆ ರಾಯ್ ಸ್ಟ್ರೈಕರ್ ಮುಖ್ಯಸ್ಥ. ಹಳ್ಳಿಗಾಡಿನ ಕಷ್ಟದ ಫೋಟೋ ತೆಗೆಸಿ ಪತ್ರಿಕೆಗಳಿಗೆ ಪುಕ್ಕಟೆ ಹಂಚುವುದು, ಆ ಮೂಲಕ ಸರ್ಕಾರದ ಯೋಜನೆಗಳಿಗೆ ಜನಬೆಂಬಲ ಗಳಿಸುವುದು ಉದ್ದೇಶ. ಪ್ರಚಾರವೇ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ನೆಗೆಟಿವ್‌ಗಳೆಲ್ಲ ವಾಷಿಂಗ್ಟನ್‌ಗೆ ಹೋಗಬೇಕು, ಅವು ಸರ್ಕಾರದ ಸ್ವತ್ತು. ತಾನು ತೆಗೆದ ಫೋಟೋದ ಪ್ರಿಂಟ್‌ಗೆ ಲ್ಯಾಂಗ್ ಪತ್ರ ಬರೆದು ಜಗಳ ಆಡಬೇಕಿತ್ತು.

1936ರ ಮಾರ್ಚ್. ಒಂದು ತಿಂಗಳ ತಿರುಗಾಟ ಮುಗಿಸಿ ಲ್ಯಾಂಗ್ ಮಳೆಯಲ್ಲಿ ಒಬ್ಬರೇ ಕಾರು ಓಡಿಸಿಕೊಂಡು ಮನೆಗೆ ಹೊರಟಿದ್ದರು. ನಿಪೋಮೊ ಎಂಬಲ್ಲಿ ಬಟಾಣಿ ಬಿಡಿಸುವವರ ಬಿಡಾರಕ್ಕೆ ದಾರಿ ತೋರಿಸುವ ಫಲಕ ಕಣ್ಣಿಗೆ ಬಿತ್ತು. ದಾಟಿ ಇಪ್ಪತ್ತು ಮೈಲಿ ಹೋದ ಮೇಲೆ ಮನಸ್ಸು ತಡೆಯದೆ ಕಾರು ತಿರುಗಿಸಿದರು. ಚಳಿ ಮಳೆಗೆ ಬಟಾಣಿ ಬೆಳೆ ಹಾಳಾಗಿ ಕೂಲಿ ಇಲ್ಲದೆ ಜನ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಆ ತಾಯಿಯ ಆರೇಳು ಫೋಟೋ ತೆಗೆದು, ಹತ್ತು ನಿಮಿಷದಲ್ಲಿ ವಾಪಸ್ ಹೊರಟರು. ಹೆಸರು ಕೇಳಲಿಲ್ಲ. ಎಲ್ಲೆಲ್ಲೂ ನಿಧಾನವಾಗಿ ಕೂತು ಮಾತಾಡಿ ಬರೆದುಕೊಳ್ಳುತ್ತಿದ್ದವರು, ತಮ್ಮ ಅತ್ಯಂತ ದೊಡ್ಡ ಫೋಟೋದ ಹೊತ್ತಿಗೆ ಅವಸರದಲ್ಲಿದ್ದರು. ಬರೆದುಕೊಂಡ ಅಲ್ಪಸ್ವಲ್ಪದಲ್ಲೂ ತಪ್ಪಿತ್ತು. ಊಟಕ್ಕಾಗಿ ಕಾರಿನ ಟೈರು ಮಾರಿದರು ಅಂತ ಲ್ಯಾಂಗ್ ಹೇಳಿದ್ದನ್ನು ಆ ಕುಟುಂಬ ಮುಂದೆ ಪೂರ್ತಿ ಅಲ್ಲಗಳೆಯಿತು. ಕಾರು ಕೆಟ್ಟು ನಿಂತಿತ್ತು, ಗಂಡಸರು ರಿಪೇರಿಗೆ ಹೋಗಿದ್ದರು, ಟೈರು ಇಲ್ಲದಿದ್ದರೆ ಮುಂದೆ ಹೋಗುವುದಾದರೂ ಹೇಗೆ?

ಸ್ಯಾನ್‌ಫ್ರಾನ್ಸಿಸ್ಕೊ ನ್ಯೂಸ್ ಪತ್ರಿಕೆ ನಿಪೋಮೊದ ಫೋಟೋಗಳನ್ನು ಪ್ರಕಟಿಸಿದ್ದೇ ತಡ, ಸರ್ಕಾರ ಬಿಡಾರಕ್ಕೆ 20,000 ಪೌಂಡ್, ಅಂದರೆ ಸುಮಾರು ಒಂಬತ್ತು ಟನ್ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ, ಮಕ್ಕಳು ಅಲ್ಲಿಂದ ಮುಂದಕ್ಕೆ ಹೋಗಿ ಆಗಿತ್ತು.

ಈ ಆಹಾರದ ಕಥೆಯನ್ನು ಫೋಟೋಗ್ರಫಿಯ ಶಕ್ತಿಗೆ ಸಾಕ್ಷಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಹಿಂದಿನ ವರ್ಷ, 1935ರಲ್ಲಿ, ಅಮೆರಿಕ ಎರಡು ದೊಡ್ಡ ಕಾನೂನು ತಂದಿತ್ತು. ಒಂದು, ಸಂಘ ಕಟ್ಟಿ ಮಾಲೀಕರ ಜೊತೆ ಚೌಕಾಸಿ ಮಾಡುವ ಹಕ್ಕು ಕೊಡುವ ವ್ಯಾಗ್ನರ್ ಕಾಯ್ದೆ. ಇನ್ನೊಂದು, ಸಾಮಾಜಿಕ ಭದ್ರತಾ ಕಾಯ್ದೆ. ಎರಡರಿಂದಲೂ ಕೃಷಿ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಡಲಾಯಿತು. 1938ರಲ್ಲಿ ಕನಿಷ್ಠ ವೇತನದ ಕಾನೂನು ಬಂದಾಗಲೂ ಹೊಲದ ಕೂಲಿ ಹೊರಗೇ. ಹೊರಗುಳಿದವರಲ್ಲಿ ಕಪ್ಪು ಜನ, ಮೆಕ್ಸಿಕನ್ನರು ಎಷ್ಟು ದೊಡ್ಡ ಸಂಖ್ಯೆಯಲ್ಲಿದ್ದರು ಅಂತ ಗೊತ್ತಿದ್ದರೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಕ್ಯಾಲಿಫೋರ್ನಿಯಾದ ಕೃಷಿ ಕೂಲಿಗಳಿಗೆ ಸಂಘ ಕಟ್ಟಿ ಚೌಕಾಸಿ ಮಾಡುವ ಹಕ್ಕು ಕಾನೂನಾಗಿ ಸಿಕ್ಕಿದ್ದು 1975ರಲ್ಲಿ. ಆ ಫೋಟೋದಿಂದ ಒಂಬತ್ತು ಟನ್ ಆಹಾರ ಒಂದೇ ವಾರದಲ್ಲಿ ಬಂತು, ಹಕ್ಕು ಬರಲು 39 ವರ್ಷ ಬೇಕಾಯ್ತು.

ಲ್ಯಾಂಗ್‌ಗೆ ಈ ವ್ಯತ್ಯಾಸ ತಿಳಿದಿತ್ತು. ಆಕೆಯ ಅಡಿಬರಹಗಳನ್ನು ಓದಿದರೆ ಇದು ಸ್ಪಷ್ಟ ಆಗುತ್ತೆ.

ಕೆಲಸ ಮಾಡುವ ರೀತಿ ಹೀಗಿತ್ತು. ಭಾರದ ಕ್ಯಾಮೆರಾ, ಕುಂಟುವ ಕಾಲು, ಅವಸರ ಮಾಡಲು ಬರುವಂತೆಯೇ ಇರಲಿಲ್ಲ. ಬಿಡಾರದೊಳಕ್ಕೆ ನಿಧಾನವಾಗಿ ನಡೆದು ಹೋಗುತ್ತಿದ್ದರು. ಕುಡಿಯಲು ನೀರು ಕೇಳಿ, ಆ ನೀರನ್ನು ಕುಡಿದು ಮುಗಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರು. ಮಕ್ಕಳು ಕ್ಯಾಮೆರಾ ಮುಟ್ಟಲು ಬಂದರೆ ಮುಟ್ಟಗೊಡುತ್ತಿದ್ದರು. ಜೊತೆಗೆ ಟೇಲರ್ ಇದ್ದರೆ ಅವರು ಬೆಳೆ, ಕೂಲಿ, ಊರು ಅಂತ ಮಾತಿಗೆಳೆಯುತ್ತಿದ್ದರು. ಆಮೇಲೆ ಲ್ಯಾಂಗ್ ಕಾರಿಗೆ ಓಡಿಬಂದು, ಜನ ಆಡಿದ ಮಾತನ್ನು ಮರೆಯುವ ಮೊದಲು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

1938ರ ನವೆಂಬರ್‌ನಲ್ಲಿ ಸ್ಯಾನ್ ವಾಕೀನ್ ಕಣಿವೆಯಲ್ಲಿ ತೆಗೆದ ಹತ್ತಿ ಬಿಡಿಸುವವನ ಫೋಟೋ ನೋಡಿ. ಬಗ್ಗಿದ ಬೆನ್ನು, ಹಿಂದೆ ಎಳೆದುಕೊಂಡು ಹೋಗುವ ಉದ್ದನೆಯ ಚೀಲ. ನಾವಾಗಿದ್ದರೆ ಹತ್ತಿ ಕೊಯ್ಲಿನ ಒಂದು ನೋಟ ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದೆವು. ಲ್ಯಾಂಗ್ ಬರೆದದ್ದರ ಸಾರ ಇಷ್ಟು: ನೂರು ಪೌಂಡ್ ಹತ್ತಿ ಬಿಡಿಸಿದರೆ ಇಲ್ಲಿ 75 ಸೆಂಟ್ ಕೂಲಿ. ಸಂಘದ ನೇತೃತ್ವದಲ್ಲಿ ಮುಷ್ಕರ ಹೂಡಿದವರು ಒಂದು ಡಾಲರ್ ಕೇಳುತ್ತಿದ್ದಾರೆ. ಬೆಳೆ ಚೆನ್ನಾಗಿದ್ದು, ಹವೆಯೂ ಒದಗಿದರೆ ಕಸುಬು ಬಲ್ಲ ಗಂಡಾಳು ದಿನಕ್ಕೆ ಇನ್ನೂರು ಪೌಂಡ್ ಬಿಡಿಸಬಲ್ಲ. ಲೆಕ್ಕ ನೀವೇ ಹಾಕಿ. ಸುಮಾರು 90 ಕಿಲೋ ಹತ್ತಿ, ಸಿಗೋದು ಒಂದೂವರೆ ಡಾಲರ್. ಆ ಬೆನ್ನು ಯಾಕೆ ಅಷ್ಟು ಬಗ್ಗಿದೆ, ಜಗಳ ಎಷ್ಟು ಕಾಸಿನದು, ಎದುರು ಪಕ್ಷ ಯಾರು, ಎಲ್ಲಾ ಇದೆ.

ಇನ್ನೊಂದು, 1937ರದ್ದು, ಟೆಕ್ಸಸ್‌ನ ಹಾರ್ಡ್‌ಮನ್ ಕೌಂಟಿ. ಆರು ಜನ ಗಟ್ಟಿ ಗಂಡಸರು ಸಾಲಾಗಿ ನಿಂತು ನೇರ ಕ್ಯಾಮೆರಾ ನೋಡುತ್ತಿದ್ದಾರೆ. ಎಲ್ಲರೂ ಗೇಣಿ ಕಳೆದುಕೊಂಡವರು, ಎಲ್ಲರಲ್ಲಿ ಹಿರಿಯನಿಗೆ 33 ವರ್ಷ. ತಿಂಗಳಿಗೆ 22.80 ಡಾಲರ್ ಪರಿಹಾರ ಕಾಮಗಾರಿಯ ಕೂಲಿಯಲ್ಲಿ ತಲಾ ನಾಲ್ಕು ಜನರನ್ನು ಸಾಕುತ್ತಿದ್ದಾರೆ. ಇಷ್ಟು ಹೇಳಿ ಲ್ಯಾಂಗ್ ಇನ್ನೊಂದು ವಿವರ ಸೇರಿಸಿದ್ದರು: ಟೆಕ್ಸಸ್‌ನಲ್ಲಿ ಮತ ಹಾಕಲು ತೆರಿಗೆ ಕಟ್ಟಬೇಕು, ಅದನ್ನು ಕಟ್ಟಲಾಗದೆ ಈ ಆರರಲ್ಲಿ ಒಬ್ಬನಿಗೂ ಮತ ಇಲ್ಲ. ಮುಖ ನೋಡಿ ಅಯ್ಯೋ ಪಾಪ ಅಂದು ಪುಟ ತಿರುಗಿಸುವ ಓದುಗನನ್ನು ಈ ವಿವರ ಹಿಡಿದು ನಿಲ್ಲಿಸುತ್ತೆ.

1939ರ ಜುಲೈನಲ್ಲಿ ಲ್ಯಾಂಗ್ ಉತ್ತರ ಕ್ಯಾರೊಲಿನಾದ ತಂಬಾಕು ಹೊಲಗಳಿಗೆ ಹೋದರು. ಅಲ್ಲಿಯ ತಂಬಾಕೂ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯ ವರ್ಜೀನಿಯಾ ತಂಬಾಕಿನ ಜಾತಿಯದೇ. ಹಾಗಾಗಿ ಆ ಸೀಮೆಯವರು ಈ ಫೋಟೋಗಳನ್ನು ನೋಡಿದರೆ ಪ್ರತಿಯೊಂದು ಕೆಲಸವನ್ನೂ ಗುರುತು ಹಿಡಿಯಬಲ್ಲರು. ಗಿಡದ ಬುಡದಿಂದ ಹಣ್ಣಾದ ಎಲೆಗಳನ್ನು ಮಾತ್ರ ಮುರಿಯುವುದು, ಹೇಸರಗತ್ತೆ ಎಳೆಯುವ ಜಾರುಬಂಡಿಯಲ್ಲಿ ಸಾಲಿನಿಂದ ಹೊರಗೆ ಸಾಗಿಸುವುದು, ನೆರಳಲ್ಲಿ ನಿಂತು ಎಲೆಗಳನ್ನು ಕಡ್ಡಿಗೆ ಪೋಣಿಸುವುದು, ಬ್ಯಾರನ್ ಒಳಗೆ ತೂಗುಹಾಕಿ ಬೆಂಕಿ ಹಾಕುವುದು. ಲ್ಯಾಂಗ್ ಇದನ್ನು ಹಂತ ಹಂತವಾಗಿ, ಯಾರು ಯಾವ ಕೆಲಸ ಮಾಡುತ್ತಾರೆ, ಬೆಳೆಯಲ್ಲಿ ಯಾರ ಪಾಲು ಎಷ್ಟು ಅನ್ನುವ ಟಿಪ್ಪಣಿ ಸಮೇತ ದಾಖಲಿಸಿದರು. ಕಪ್ಪು ಕುಟುಂಬಗಳು, ಬಿಳಿ ಕುಟುಂಬಗಳು, ಹೆಚ್ಚಿನವರು ಧಣಿಯ ನೆಲದಲ್ಲಿ ವಾರಕ್ಕೆ ಮಾಡುವವರು. ಇಲ್ಲಿ ಕಣ್ಣೀರು ತರಿಸುವ ಮುಖಗಳಿಲ್ಲ. ನುರಿತ ಕೈಗಳಿವೆ. ಹೊಲದ ಕೆಲಸ ಬರೀ ಕಷ್ಟ ಅಲ್ಲ, ಅದೊಂದು ವಿದ್ಯೆ ಅಂತ ಈ ಸರಣಿ ನೋಡಿದಾಗ ಅನಿಸುತ್ತೆ. ನನ್ನ ಕೇಳಿದರೆ ಆಕೆಯ ಅತ್ಯುತ್ತಮ ಕೆಲಸ ಇದೇ. ಇದು ಪ್ರಸಿದ್ಧ ಆಗಲಿಲ್ಲ.

ಈಗ ಅಡಿಬರಹಗಳಿಗೆ ಏನಾಯ್ತು ಅನ್ನೋದಕ್ಕೆ ಬರೋಣ. 1936ರ ಬೇಸಿಗೆಯಲ್ಲಿ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರ ಲ್ಯಾಂಗ್ ಒಂದು ಫೋಟೋ ತೆಗೆದರು. ಅಂಗಡಿಯ ಮುಂದೆ ಕಾರು. ಅದರ ಬಂಪರ್ ಮೇಲೆ ಕಾಲಿಟ್ಟು, ತೊಡೆ ಮೇಲೆ ಕೈಯೂರಿ ನಿಂತ ದಪ್ಪನೆಯ ಬಿಳಿ ಯಜಮಾನ. ಹಿಂದೆ ಅಂಗಡಿಯ ಜಗಲಿಯಲ್ಲಿ ಕೂತ, ನಿಂತ ನಾಲ್ಕೈದು ಕಪ್ಪು ಆಳುಗಳು. ಹತ್ತಿ ಸೀಮೆಯ ಇಡೀ ವ್ಯವಸ್ಥೆ ಒಂದೇ ಚೌಕಟ್ಟಿನಲ್ಲಿ ಬಂದು ಕೂತಿತ್ತು. ಎರಡು ವರ್ಷ ಕಳೆದ ಮೇಲೆ ಕವಿ ಆರ್ಚಿಬಾಲ್ಡ್ ಮೆಕ್ಲೀಶ್ 'ಲ್ಯಾಂಡ್ ಆಫ್ ದಿ ಫ್ರೀ' ಎಂಬ ಪುಸ್ತಕದಲ್ಲಿ ಇದನ್ನು ಬಳಸಿಕೊಂಡರು. ಕಪ್ಪು ಆಳುಗಳನ್ನೆಲ್ಲ ಕತ್ತರಿಸಿ ಹಾಕಿ, ಆ ಯಜಮಾನನೊಬ್ಬನನ್ನೇ ಉಳಿಸಿ! ಸ್ವತಂತ್ರ ಅಮೆರಿಕನ್ ರೈತನಿಗೆ ಅವನೇ ಮಾದರಿ ಅನ್ನುವಂತೆ. ಮೆಕ್ಲೀಶ್ ಬಲಪಂಥೀಯ ಏನಲ್ಲ, ರೂಸ್‌ವೆಲ್ಟ್ ಕಡೆಯ ಉದಾರವಾದಿ. ನಮ್ಮ ಕಡೆಯವರೇ ಕತ್ತರಿ ಆಡಿಸಿದ್ದು ಅನ್ನೋದನ್ನು ನೆನಪಿಟ್ಟುಕೊಳ್ಳಬೇಕು.

ಸ್ಟ್ರೈಕರ್ ಕೂಡ ಹೊರತಲ್ಲ. 1937ರಲ್ಲಿ ಲ್ಯಾಂಗ್‌ಗೆ ಬರೆದ ಪತ್ರದಲ್ಲಿ, ಕಪ್ಪು ಗೇಣಿದಾರರ ಫೋಟೋ ತೆಗೆಯಿರಿ, ಆದರೆ ಒತ್ತು ಬಿಳಿಯರ ಮೇಲಿರಲಿ, ಪತ್ರಿಕೆಗಳು ಬಳಸೋದು ಅವನ್ನೇ ಅಂತ ಸೂಚನೆ ಕೊಟ್ಟಿದ್ದರು. ಆತ ಜನಾಂಗದ್ವೇಷಿ ಅಂತಲ್ಲ, ಅಮೆರಿಕದ ಸಂಸತ್ತು ಇಲಾಖೆಗೆ ದುಡ್ಡು ಕೊಡಬೇಕಿತ್ತು, ಬಿಳಿಯ ಬಡತನಕ್ಕೆ ಮಾತ್ರ ಅಲ್ಲಿ ಮನಸ್ಸು ಕರಗುತ್ತಿತ್ತು. ಲ್ಯಾಂಗ್ ಆದರೂ ಕಪ್ಪು ವಾರದಾರರನ್ನು, ಕ್ಯಾರೆಟ್ ಕೀಳುವ ಮೆಕ್ಸಿಕನ್ನರನ್ನು, ಸೊಪ್ಪು ಕೊಯ್ಯುವ ಫಿಲಿಪಿನೋಗಳನ್ನು ತೆಗೆಯುತ್ತಲೇ ಹೋದರು. ಆ ಪ್ರಿಂಟ್‌ಗಳು ಹೆಚ್ಚಾಗಿ ಬೀರುವಿನಲ್ಲೇ ಉಳಿದವು.

ಇದೆಲ್ಲಕ್ಕೂ ಉತ್ತರವಾಗಿ ಲ್ಯಾಂಗ್, ಟೇಲರ್ ಸೇರಿ 1939ರಲ್ಲಿ 'ಆನ್ ಅಮೆರಿಕನ್ ಎಕ್ಸೋಡಸ್' ಪುಸ್ತಕ ತಂದರು. ಪ್ರತಿ ಫೋಟೋದ ಪಕ್ಕ, ಹೊಲದಲ್ಲಿ ಕೇಳಿಸಿಕೊಂಡ ಮಾತು, ಕೂಲಿ ದರ, ಕಾರಣ. ಜನ ಗುಳೆ ಹೊರಟಿದ್ದಕ್ಕೆ ಧೂಳಿನ ಬಿರುಗಾಳಿ ಕಾರಣ ಅಂತ ಎಲ್ಲರೂ ಹೇಳುತ್ತಿದ್ದರು. ಇವರಿಬ್ಬರೂ ಟ್ರ್ಯಾಕ್ಟರ್ ಕಡೆ ಕೈ ತೋರಿಸಿದರು. ಬೆಲೆ ಏರಲಿ ಅಂತ ಸರ್ಕಾರ 1933ರಿಂದ ನೆಲ ಬೀಳು ಬಿಡುವವರಿಗೆ ಹಣ ಕೊಡುತ್ತಿತ್ತು. ಚೆಕ್ ಬಂದದ್ದು ಜಮೀನಿನ ಒಡೆಯನಿಗೆ. ಆತ ಆ ದುಡ್ಡಲ್ಲಿ ಟ್ರ್ಯಾಕ್ಟರ್ ಕೊಂಡು ಗೇಣಿದಾರರನ್ನು ಎಬ್ಬಿಸಿದ. ಟೆಕ್ಸಸ್‌ನ ಚಿಲ್ಡ್ರೆಸ್ ಕೌಂಟಿಯಲ್ಲಿ 1938ರಲ್ಲಿ ತೆಗೆದ ಒಂದು ಫೋಟೋದಲ್ಲಿ ಮನುಷ್ಯರೇ ಇಲ್ಲ. ಟ್ರ್ಯಾಕ್ಟರ್ ಹೂಡಿದ ಸಾಲುಗಳು ಅಲೆಅಲೆಯಾಗಿ ಬಂದು ಒಂದು ಪಾಳು ಮನೆಯ ಗೋಡೆಗೆ ತಾಗಿ ನಿಂತಿವೆ. ಅಂಗಳವನ್ನೂ ಬಿಟ್ಟಿಲ್ಲ. ನನ್ನಂಥ ಇಂಜಿನಿಯರಿಂಗ್ ಓದಿದವರಿಗೆ ಟ್ರ್ಯಾಕ್ಟರ್ ಅಂದರೆ ಪ್ರಗತಿ ಅಂತಲೇ ಪಾಠ. ಯಂತ್ರದ ದುಡ್ಡು ಯಾರ ಕೈಗೆ ಬಂತು ಅನ್ನುವ ಪ್ರಶ್ನೆ ನಮ್ಮ ಸಿಲಬಸ್‌ನಲ್ಲಿ ಇರಲಿಲ್ಲ. ಪುಸ್ತಕ ಬರುವ ಹೊತ್ತಿಗೆ ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು, ಕೊಳ್ಳುವವರು ಸಿಗಲಿಲ್ಲ. ಅದೇ ವರ್ಷದ ಕೊನೆಗೆ ಸ್ಟ್ರೈಕರ್ ಲ್ಯಾಂಗ್‌ರನ್ನು ಕೆಲಸದಿಂದ ತೆಗೆದರು. ಬಜೆಟ್ ಕಾರಣ ಹೇಳಿ ಹಿಂದೆಯೂ ತೆಗೆದು ಮತ್ತೆ ಸೇರಿಸಿಕೊಂಡಿದ್ದರು, ಈ ಸಲ ಮಾತ್ರ ಕೊನೆಯದು. ಪ್ರಶ್ನೆ ಕೇಳುವ ನೌಕರಳನ್ನು ಸಹಿಸುವುದು ಕಷ್ಟ ಆಗಿತ್ತು.

ಸರ್ಕಾರ ಮತ್ತೊಮ್ಮೆ ಕರೆದದ್ದು 1942ರಲ್ಲಿ. ಪರ್ಲ್ ಹಾರ್ಬರ್ ದಾಳಿಯ ನಂತರ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡು ಭಾಗ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಎಲ್ಲವೂ ಮಾನವೀಯವಾಗಿ ನಡೆದಿದೆ ಅಂತ ತೋರಿಸಲು ಫೋಟೋ ಬೇಕಿತ್ತು. ಮುಳ್ಳುತಂತಿ, ಕಾವಲು ಗೋಪುರ, ಬಂದೂಕಿನ ಸಿಪಾಯಿ ತೆಗೆಯಬಾರದು ಅನ್ನುವ ಷರತ್ತು ಬೇರೆ. ಲ್ಯಾಂಗ್ ಹೊಲಗಳಿಗೇ ಹೋದರು. ಆ ಜನರಲ್ಲಿ ಬಹಳಷ್ಟು ಮಂದಿ ಬೇಸಾಯಗಾರರು, ಕೊಯ್ಲಿನ ಮುಂಚೆ ಬೆಳೆ ಬಿಟ್ಟು ಹೋಗಬೇಕಾದವರು. ಮೇ 11ರಂದು ಫ್ಲೋರಿನ್ ಎಂಬ ಊರಿನ ಸ್ಟ್ರಾಬೆರಿ ಹೊಲದಲ್ಲಿ ಒಬ್ಬ ತಾಯಿ, ಮಗ ಜೊತೆಗೆ ಕೂತ ಫೋಟೋ ತೆಗೆದರು. ಮಗನ ಮೈಮೇಲೆ ಅಮೆರಿಕದ ಸೇನೆಯ ಸಮವಸ್ತ್ರ. ಸ್ವಇಚ್ಛೆಯಿಂದ ಸೇನೆ ಸೇರಿದವನು, ಮನೆಯವರು ಹೊರಡುವ ತಯಾರಿಗೆ ನೆರವಾಗಲು ರಜೆ ಹಾಕಿ ಬಂದಿದ್ದಾನೆ. ತಾಯಿ ವಿಧವೆ, ಆರು ಮಕ್ಕಳನ್ನು ಬೆಳೆಸಿದವರು. ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕು ಅಂತ ಮಕ್ಕಳು ಹಿಂದಿನ ವರ್ಷವಷ್ಟೇ ಮೂರು ಎಕರೆ ಗೇಣಿಗೆ ಹಿಡಿದು ಕೊಟ್ಟಿದ್ದರು. ಇಷ್ಟೂ ಆ ಒಂದು ಅಡಿಬರಹದಲ್ಲಿದೆ. ಸೇನೆಯವರಿಗೆ ಓದು ಬರುತ್ತಿತ್ತು. ಲ್ಯಾಂಗ್ ತೆಗೆದ ಸುಮಾರು 800 ಫೋಟೋಗಳನ್ನು ಯುದ್ಧ ಮುಗಿಯುವವರೆಗೂ ಹೊರಬಿಡದೆ ಮುಟ್ಟುಗೋಲು ಹಾಕಿಕೊಂಡರು. ಸಾರ್ವಜನಿಕರು ಅವುಗಳಲ್ಲಿ ಬಹಳಷ್ಟನ್ನು ನೋಡಿದ್ದು 1970ರ ದಶಕದಲ್ಲಿ ಮತ್ತು ಆಮೇಲೆ.

ಯುದ್ಧದ ನಂತರ ಹೊಟ್ಟೆಹುಣ್ಣು ಹಿಂಡಿತು, ಎಷ್ಟೋ ವರ್ಷ ಕ್ಯಾಮೆರಾ ಹಿಡಿಯಲಾಗಲಿಲ್ಲ. 1954ರಲ್ಲಿ ಐರ್ಲೆಂಡಿನ ಹಳ್ಳಿಗಳಿಗೆ ಹೋಗಿ ಬಂದರು. 1956–57ರಲ್ಲಿ ಪಿರ್ಕಲ್ ಜೋನ್ಸ್ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಬೆರಿಯೆಸ್ಸಾ ಕಣಿವೆಯ ಕೊನೆಯ ವರ್ಷವನ್ನು ದಾಖಲಿಸಿದರು. ಅಣೆಕಟ್ಟಿಗೆ ಮುಳುಗಲಿರುವ ಫಲವತ್ತಾದ ಕಣಿವೆ. ಕೊನೆಯ ಕೊಯ್ಲು, ಕಡಿದು ಉರುಳಿಸಿದ ಮರಗಳು, ಅಗೆದು ಬೇರೆಡೆಗೆ ಸಾಗಿಸಿದ ಗೋರಿಗಳು, ದಿಕ್ಕೆಟ್ಟು ಓಡುವ ಒಂದು ಕುದುರೆ. ಲಿಂಗನಮಕ್ಕಿ, ಆಲಮಟ್ಟಿ ಹಿನ್ನೀರಿನ ಊರುಗಳವರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ. ಮಾಡಿಸಿಕೊಂಡ ಲೈಫ್ ಪತ್ರಿಕೆ ಅದನ್ನು ಪ್ರಕಟಿಸಲೇ ಇಲ್ಲ. 1960ರಲ್ಲಿ ಅಪರ್ಚರ್ ಎಂಬ ಸಣ್ಣ ಪತ್ರಿಕೆ ಹಾಕಿತು.

1964ರಲ್ಲಿ ಅನ್ನನಾಳದ ಕ್ಯಾನ್ಸರ್ ಪತ್ತೆಯಾಯಿತು. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ ತಮ್ಮ ಜೀವಮಾನದ ಕೆಲಸದ ಪ್ರದರ್ಶನಕ್ಕೆ ತಯಾರಿ ನಡೆಸಿತ್ತು, ಉಳಿದ ಉಸಿರನ್ನೆಲ್ಲ ಅದಕ್ಕೆ ಫೋಟೋ ಆರಿಸುವುದಕ್ಕೆ ಇಟ್ಟರು. 1965ರ ಅಕ್ಟೋಬರ್ 11ರಂದು, ಎಪ್ಪತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಪ್ರದರ್ಶನ ತೆರೆದದ್ದು ಮರುವರ್ಷದ ಜನವರಿಯಲ್ಲಿ.

ನಿಪೋಮೊದ ಆ ತಾಯಿಯ ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ, ಸ್ಥಳೀಯ ಪತ್ರಿಕೆಯೊಂದರ ವರದಿಗಾರ ಹುಡುಕಿಕೊಂಡು ಹೋದಾಗ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಬಿಳಿಯ ರೈತ ತಾಯಿಯ ಪ್ರತೀಕ ಅಂತ ನಾಲ್ಕು ದಶಕ ಜಗತ್ತು ಕಂಡ ಆಕೆ ಚೆರೋಕಿ ಎಂಬ ಮೂಲನಿವಾಸಿ ಸಮುದಾಯದವರು. ಗಂಡ ಸತ್ತ ಮೇಲೆ ಹತ್ತಿ, ಬಟಾಣಿ, ಸೊಪ್ಪಿನ ಹೊಲಗಳಲ್ಲಿ ದುಡಿದು ಮಕ್ಕಳನ್ನು ಸಾಕಿದವರು. ಆ ಫೋಟೋದಿಂದ ತನಗೊಂದು ಕಾಸೂ ಬರಲಿಲ್ಲ, ತನ್ನ ಹೆಸರನ್ನೂ ಕೇಳಲಿಲ್ಲ ಅನ್ನುವ ಸಿಟ್ಟು ಆಕೆಗಿತ್ತು. ಸರ್ಕಾರದ ಸ್ವತ್ತಾದ್ದರಿಂದ ಲ್ಯಾಂಗ್‌ಗೂ ರಾಯಲ್ಟಿ ಬರುತ್ತಿರಲಿಲ್ಲ ಅನ್ನೋದು ನಿಜ. ಆದರೆ ಹೆಸರು ಕೇಳಲು ದುಡ್ಡೇನೂ ಬೇಕಿರಲಿಲ್ಲ. 1983ರಲ್ಲಿ ಥಾಂಪ್ಸನ್ ಕಾಯಿಲೆ ಬಿದ್ದಾಗ ಆಸ್ಪತ್ರೆ ಖರ್ಚಿಗೆ ಮಕ್ಕಳು ಸಾರ್ವಜನಿಕರಲ್ಲಿ ಕೈಚಾಚಬೇಕಾಯ್ತು. ಫೋಟೋ ನೆನಪಿದ್ದ ಜನ 35,000 ಡಾಲರ್‌ಗೂ ಹೆಚ್ಚು ಕಳಿಸಿದರು. ಆ ಸೆಪ್ಟೆಂಬರ್‌ನಲ್ಲಿ ಆಕೆ ತೀರಿಕೊಂಡರು. 1998ರಲ್ಲಿ ಅದೇ ಫೋಟೋದ ಒಂದು ಹಳೆಯ ಪ್ರಿಂಟ್ ಹರಾಜಿನಲ್ಲಿ 2,44,500 ಡಾಲರ್‌ಗೆ ಹೋಯಿತು.

ಲ್ಯಾಂಗ್ ಮತ್ತು ಅವರ ಸಹೋದ್ಯೋಗಿಗಳು ತೆಗೆದ ನೆಗೆಟಿವ್‌ಗಳು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಕಪ್ಪು ಬಿಳುಪಿನವೇ ಸುಮಾರು 1,75,000. ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಅಡಿಬರಹಗಳೂ ಅಲ್ಲೇ ಇವೆ. ಕ್ಲಾರ್ಕ್ಸ್‌ಡೇಲ್ ಅಂತ ಹುಡುಕಿ. ಕತ್ತರಿ ಬೀಳದ ಪೂರ್ತಿ ಫೋಟೋ ಸಿಗುತ್ತೆ. ಜಗಲಿಯ ಮೇಲಿನ ಆಳುಗಳು ಒಬ್ಬೊಬ್ಬರೂ ಕಾಣುತ್ತಾರೆ. ಎಡಗಡೆಯ ಅಂಚಿನಲ್ಲಿ, ಅರ್ಧ ಮಾತ್ರ ಚೌಕಟ್ಟಿನೊಳಗೆ ಬಂದಿರುವ ಇನ್ನೊಬ್ಬ ಮನುಷ್ಯನೂ ಇದ್ದಾನೆ. ಅದು ಪಾಲ್ ಟೇಲರ್, ಹೆಂಡತಿ ಫೋಟೋ ತೆಗೆದು ಮುಗಿಸುವವರೆಗೆ ಯಜಮಾನನನ್ನು ಮಾತಿನಲ್ಲಿ ಹಿಡಿದಿಟ್ಟಿದ್ದಾರೆ.